ಮಂಜಿನೊಳಗೆ ಇಪ್ಪತ್ತು ಮೀಟರ್

ಗುರುವಾರ, ಹದಿನೆಂಟನೇ ತಾರೀಖು
ಬೆಳಗ್ಗೆ, ಅಡುಗೆಮನೆಯ ಮೇಜಿನಿಂದ

ಗುಬ್ಬಿಯ ಅಪ್ಪನಿಗೆ,

ಹೇಗಿದ್ದೀರಿ ಎಂದು ಕೇಳಿ ಶುರು ಮಾಡುವುದು ವಾಡಿಕೆ. ಎರಡು ವರ್ಷದಿಂದ ಕೇಳದವಳು ದಿಢೀರನೆ ಕೇಳಿದರೆ ನೀವು ಗಾಬರಿಯಾಗುತ್ತೀರಿ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಗುಬ್ಬಿ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜ್ ಸುತ್ತಿದ್ದಾರೆ, ಹಾಗಾಗಿ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ಮಗಳಿಗೆ ತಿಂಗಳಿಗೊಮ್ಮೆ ಬರೆಯುವ ಪತ್ರಗಳನ್ನು ನಾನು ಮುಟ್ಟುವುದಿಲ್ಲ ಎಂದುಕೊಂಡಿದ್ದೀರಲ್ಲ, ಅದು ತಪ್ಪು. ಓದುತ್ತೇನೆ. ಅವಳು ಬೇಕೆಂದೇ ಬಿಚ್ಚಿಟ್ಟು ಶಾಲೆಗೆ ಹೋಗುತ್ತಾಳೆ, ನಾನು ಓದಿ ಹಾಗೇ ಮಡಚಿಡುತ್ತೇನೆ, ಇಬ್ಬರೂ ಏನೂ ಗೊತ್ತಿಲ್ಲದವರ ಹಾಗೆ ಇರುತ್ತೇವೆ.

ಹೋದ ಶುಕ್ರವಾರ ಇಲ್ಲಿ ನಡೆದದ್ದು ನಿಮ್ಮ ಕಿವಿಗೆ ಬಿದ್ದಿರಬಹುದು. ಪೇಪರಿನಲ್ಲಿ ಒಂದು ಸಣ್ಣ ಪೆಟ್ಟಿಗೆಯೊಳಗೆ ಬಂದಿತ್ತು, ನನ್ನನ್ನು ‘ಧೈರ್ಯವಂತ ಮಹಿಳಾ ಸಿಬ್ಬಂದಿ’ ಎಂದು ಬರೆದಿದ್ದರು. ಆ ಪೆಟ್ಟಿಗೆಯಲ್ಲಿ ಹಿಡಿಸದ ಮಾತುಗಳನ್ನು ಯಾರಿಗಾದರೂ ಹೇಳಬೇಕು. ಆರು ದಿನದಿಂದ ಯಾರು ಯಾರು ಎಂದು ಯೋಚಿಸಿದರೂ ನಿಮ್ಮೊಬ್ಬರ ಮುಖವೇ ಕಣ್ಣ ಮುಂದೆ ಬರುತ್ತಿದೆ. ಅದಕ್ಕೆ ನನಗೇ ನನ್ನ ಮೇಲೆ ಸ್ವಲ್ಪ ಸಿಟ್ಟಿದೆ.

ಆ ಬೆಳಗ್ಗೆ ಊರೇ ಇರಲಿಲ್ಲ. ಬಾಗಿಲು ತೆಗೆದರೆ ಮೂರು ಮೆಟ್ಟಿಲು ಕಂಡವು, ನಾಲ್ಕನೆಯದರಿಂದ ಆಚೆ ಬರೀ ಬಿಳಿ. ಗುಬ್ಬಿ ಬ್ಯಾಗು ಹಾಕಿಕೊಂಡು ಆ ಬಿಳಿಯೊಳಗೆ ನಡೆದು ಹೋದಳು. ಮೊದಲು ಕಾಲು ಕರಗಿತು, ಆಮೇಲೆ ಜಡೆ, ಕೊನೆಗೆ ಅವಳ ಕೆಮ್ಮೂ ಕರಗಿತು. ನಾನು ಕೈಯಿಂದ ಗೋಡೆ ತಡವಿಕೊಂಡೇ ಮೇಲಿನ ಸ್ಟೇಷನ್ನಿಗೆ ಬಂದೆ. ನಮ್ಮ ರೋಪ್‌ವೇಗೆ ಇರುವುದು ಎರಡೇ ಕ್ಯಾಬಿನ್. ಒಂದು ಬೆಟ್ಟ ಹತ್ತುವಾಗ ಇನ್ನೊಂದು ಇಳಿಯುತ್ತದೆ. ಮಣಿಕಟ್ಟಿನ ಗಾತ್ರದ ಉಕ್ಕಿನ ಹಗ್ಗದ ಮೇಲೆ ಚಕ್ರಗಳು ಓಡುತ್ತವೆ, ಬೆರಳು ಗಾತ್ರದ ಇನ್ನೊಂದು ಹಗ್ಗ ಎಳೆಯುತ್ತದೆ. ಹದಿನಾರು ವರ್ಷದಿಂದ ಎರಡಕ್ಕೂ ಎಣ್ಣೆ ಹಚ್ಚುತ್ತಿರುವವಳು ನಾನು. ಗಂಡನಿಗಿಂತ ಆ ದಪ್ಪ ಹಗ್ಗದ ಮೇಲೇ ನಿನಗೆ ನಂಬಿಕೆ ಎಂದು ನೀವು ಛೇಡಿಸುತ್ತಿದ್ದಿರಿ. ಸುಳ್ಳೇನಲ್ಲ.

ಹತ್ತೂ ಇಪ್ಪತ್ತಕ್ಕೆ ಮೋಟಾರು ಒಮ್ಮೆ ನರಳಿ ನಿಂತುಬಿಟ್ಟಿತು. ನಡುವಿನ ಗೋಪುರದ ಗಾಲಿಯಿಂದ ಸಣ್ಣ ಹಗ್ಗ ಹಾರಿ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಬಲವಂತವಾಗಿ ಎಳೆದರೆ ತುಂಡಾಗುತ್ತದೆ. ಇಳಿಯುವ ಕ್ಯಾಬಿನ್ ಖಾಲಿ. ಹತ್ತುವ ಕ್ಯಾಬಿನ್ ನಮ್ಮ ಸ್ಟೇಷನ್ನಿನ ಹತ್ತಿರವೇ, ಆದರೆ ಕಣಿವೆಯ ಮೇಲೆ ಸರಿಯಾಗಿ ನೇತಾಡುತ್ತಿತ್ತು. ಒಳಗೆ ಮೂವರು. ಅದರ ನಿರ್ವಾಹಕನನ್ನು ನಾವೆಲ್ಲ ರೇಡಿಯೋ ಎನ್ನುತ್ತೇವೆ, ಮಾತು ನಿಲ್ಲಿಸುವ ಗುಂಡಿ ಅವನಿಗಿಲ್ಲ. ಆವತ್ತು ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ:

“ಅಕ್ಕ, ಇಲ್ಲಿ ಒಬ್ರು ಅಜ್ಜ ಇದ್ದಾರೆ. ಆಕ್ಸಿಜನ್ ಮುಳ್ಳು ಕೆಂಪಿಗೆ ಬಂದ್ಬಿಟ್ಟಿದೆ.”

ಆ ಅಜ್ಜನ ಮುಖಪರಿಚಯ ನನಗಿತ್ತು. ಕೆಳಗಿನ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಶ್ವಾಸಕೋಶದ ತೊಂದರೆಗೆ ವಾರಕ್ಕೆರಡು ಸಲ ಹೆಂಡತಿಯ ಜೊತೆ ಬೆಟ್ಟದ ಮೇಲಿನ ಆಸ್ಪತ್ರೆಗೆ ಬರುತ್ತಾರೆ, ತೊಡೆಯ ಮೇಲೆ ಮಗುವಿನ ಹಾಗೆ ಸಣ್ಣ ಸಿಲಿಂಡರ್ ಕೂರಿಸಿಕೊಂಡು. ಆಸ್ಪತ್ರೆಗೆ ಫೋನ್ ಮಾಡಿದರೆ ಡಾಕ್ಟರು, ಅಲುಗಾಡದೆ ಕೂತರೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಎಂದರು. ರಕ್ಷಣಾ ಪಡೆಗೆ ಮಾಡಿದರೆ, ಘಾಟಿ ರಸ್ತೆಯಲ್ಲಿ ಲಾರಿ ಅಡ್ಡ ಬಿದ್ದಿದೆ, ಏನೇ ಮಾಡಿದರೂ ಎರಡು ಗಂಟೆಯೊಳಗೆ ತಲುಪಲಾರೆವು ಎಂದರು. ಹೆಲಿಕಾಪ್ಟರ್ ಈ ಮಂಜಿನಲ್ಲಿ ಏಳುವುದೇ ಇಲ್ಲ. ಗೋಡೆಯ ಮೇಲಿನ ನಿಯಮದ ಹಾಳೆಯಲ್ಲಿ, ಇಂಥ ಹೊತ್ತಿನಲ್ಲಿ ಸಿಬ್ಬಂದಿ ಯಾರೂ ಹಗ್ಗದ ಮೇಲೆ ಹೋಗಬಾರದು, ಪಡೆ ಬರುವತನಕ ಕಾಯಬೇಕು ಎಂದಿದೆ. ಆ ಹಾಳೆಯನ್ನು ಅಂಟಿಸಿದವಳೂ ನಾನೇ.

ನಮ್ಮ ಮೇನೇಜರ್ ಕೆಟ್ಟವರಲ್ಲ, ಹೆದರುಪುಕ್ಕಲು ಅಷ್ಟೇ. ಎಣ್ಣೆ ಹಚ್ಚುವ ಜೋಲಿಯಲ್ಲಿ ಕೂತು ದಪ್ಪ ಹಗ್ಗದ ಮೇಲೆ ಕ್ಯಾಬಿನ್‌ವರೆಗೆ ಹೋಗಿ ಸಿಲಿಂಡರ್ ಕೊಟ್ಟು ಬರುತ್ತೇನೆ ಎಂದೆ. ಸಾಧ್ಯವೇ ಇಲ್ಲ, ಆಮೇಲೆ ನನ್ನ ಕುತ್ತಿಗೆಗೆ ಬರುತ್ತದೆ ಎಂದರು. ಎಂದವರು ಕೊಡೆಯನ್ನೂ ತೆಗೆದುಕೊಳ್ಳದೆ ಹೊರಗೆ ಓಡಿದರು. ಮೇಲಿನವರಿಗೆ ದೂರು ಹೇಳಲು ಹೋದರೇನೋ ಎಂದುಕೊಂಡೆ. ಹತ್ತು ನಿಮಿಷಕ್ಕೆ ಆಸ್ಪತ್ರೆಯಿಂದ ತುಂಬಿದ ಸಿಲಿಂಡರ್ ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದರು, ಅದನ್ನು ಬೆಂಚಿನ ಮೇಲಿಟ್ಟರು, ಗೋಡೆಯ ಕಡೆ ತಿರುಗಿ ನಿಂತರು. ನಾನೇನೂ ನೋಡಿಲ್ಲ ಎಂದು ಗೋಡೆಗೇ ಹೇಳಿದರು.

ಜೋಲಿ ಎಂದರೆ ಏನೂ ಇಲ್ಲ. ಮೇಲೆ ಎರಡು ಗಾಲಿ, ಕೆಳಗೆ ಕೂರಲು ಒಂದು ಹಲಗೆ, ಪಕ್ಕದಲ್ಲಿ ಕೈ ಬ್ರೇಕು. ಜೋಲಿಯ ಬೆನ್ನಿಗೊಂದು ಹಗ್ಗ ಕಟ್ಟಿ ಸ್ಟೇಷನ್ನಿನಿಂದ ನಿಧಾನ ಬಿಡುತ್ತಾರೆ, ಕೆಲಸ ಮುಗಿದರೆ ರಾಟೆ ತಿರುಗಿಸಿ ವಾಪಸ್ ಎಳೆಯುತ್ತಾರೆ. ರಾಟೆಯ ಹತ್ತಿರ ನಮ್ಮ ಹಿರಿಯ ಫಿಟ್ಟರ್ ಇದ್ದರು, ನಾವೆಲ್ಲ ಅಣ್ಣಯ್ಯ ಎನ್ನುವವರು. ಮೋಟಾರು ಕೋಣೆಯ ಫಲಕದಲ್ಲಿ ಕ್ಯಾಬಿನ್ ಇನ್ನೂರ ನಲವತ್ತು ಮೀಟರ್ ದೂರ ಎಂದಿತ್ತು. ನಮ್ಮ ಹಗ್ಗ ಇನ್ನೂರ ಅರವತ್ತು. ಸಾಕು ಎಂದುಕೊಂಡೆ.

ಇಲ್ಲಿಂದ ಮುಂದಿನದು ನಿಜವಾಗಿ ನಡೆದದ್ದೋ, ನಾನು ಕನಸಲ್ಲಿ ಕಂಡದ್ದೋ ಎಂದು ಈಗಲೂ ಖಚಿತವಾಗಿ ಹೇಳಲಾರೆ. ಸ್ಟೇಷನ್ನಿನ ಅಂಚು ದಾಟಿದ್ದೇ ತಡ, ಅಣ್ಣಯ್ಯನ ಮುಖ ಹೋಯಿತು, ಗೋಡೆ ಹೋಯಿತು, ಹಿಂದೆ ಮುಂದೆ ಎಂಬುದೇ ಹೋಯಿತು. ಕೆಳಗೆ ನೂರೈವತ್ತು ಮೀಟರ್ ಕಣಿವೆ ಇದೆ ಎಂಬುದು ಬೇರೆ ಯಾರೋ ಹೇಳಿದ ಸುದ್ದಿಯ ಹಾಗಿತ್ತು. ನನ್ನ ಬೂಟೇ ನನಗೆ ಮಸುಕಾಗಿ ಕಾಣುತ್ತಿತ್ತು. ಗಾಲಿಗಳು ಹಗ್ಗದ ಮೇಲೆ ಒಂದೇ ಶ್ರುತಿಯಲ್ಲಿ ಗುನುಗುತ್ತಿದ್ದವು. ರೆಪ್ಪೆಯ ಮೇಲೆ ಹನಿ ಕೂತು ಬೆಳಕೆಲ್ಲ ಉದ್ದುದ್ದ ಆಗುತ್ತಿತ್ತು. ಮುಳುಗಿದವರನ್ನು ಎತ್ತಲು ನೀವು ಇಳಿಯುವ ನೀರೊಳಗೆ ಹೇಗಿರುತ್ತದೆ ಎಂದು ನಾನು ಎಷ್ಟು ಸಲ ಕೇಳಿದ್ದೆ, ನೀವು ಎಷ್ಟು ಸಲ ಹೇಳಲು ಹೋಗಿ ಸುಮ್ಮನಾಗಿದ್ದಿರಿ. ಅಲ್ಲಿ ತೂಗುತ್ತಿರುವಾಗ ಅನ್ನಿಸಿತು, ಹೀಗೇ ಇರಬೇಕು. ಭಯವಾಗಲಿಲ್ಲ ಎಂದು ಜಂಬ ಕೊಚ್ಚುತ್ತಿಲ್ಲ. ಭಯ ಎಲ್ಲೋ ಇತ್ತು, ಪಕ್ಕದ ಮನೆಯಲ್ಲಿ ಅಳುವ ಮಗುವಿನ ಹಾಗೆ. ಕೇಳಿಸುತ್ತಿತ್ತು, ಆದರೆ ನನ್ನದಲ್ಲ.

ಬೆನ್ನಿನ ಹಗ್ಗ ಜಗ್ಗಿ ಜೋಲಿ ನಿಂತಿತು. ಹಗ್ಗ ಮುಗಿಯಿತು ಎಂದು ಅಣ್ಣಯ್ಯ ವಾಕಿಟಾಕಿಯಲ್ಲಿ ಹೇಳಿದರು. ಕ್ಯಾಬಿನ್ ಇರಲಿಲ್ಲ. ಎದುರಿಗೆ ಹಳದಿ ದೀಪದ ಒಂದು ಮಸುಕು ಚುಕ್ಕೆಯಷ್ಟೇ ಕಾಣುತ್ತಿತ್ತು. ಸಣ್ಣ ಹಗ್ಗ ಹಾರಿದಾಗ ಕ್ಯಾಬಿನ್ ಹಿಂದಕ್ಕೆ ಜಾರಿತ್ತು, ಫಲಕಕ್ಕೆ ಅದು ತಿಳಿದಿರಲಿಲ್ಲ. ಇನ್ನು ಇಪ್ಪತ್ತು ಮೀಟರ್. ಆ ಕಡೆಯಿಂದ ಅಜ್ಜನ ಕೆಮ್ಮು ಹತ್ತಿಯಲ್ಲಿ ಸುತ್ತಿದ ಹಾಗೆ ಕೇಳುತ್ತಿತ್ತು. ಕೆಮ್ಮಿನ ನಡುವಿನ ಬಿಡುವು ಪ್ರತಿ ಸಲವೂ ಉದ್ದವಾಗುತ್ತಿತ್ತು.

ಬೆನ್ನಿನ ಹಗ್ಗ ಬಿಚ್ಚಿದರೆ ನನ್ನನ್ನು ಹಿಂದಕ್ಕೆ ಎಳೆಯುವವರು ಯಾರೂ ಇಲ್ಲ. ಉಳಿಯುವುದು ಕೈ ಬ್ರೇಕು ಒಂದೇ, ಅದೂ ಒದ್ದೆ. ಅಣ್ಣಯ್ಯನಿಗೆ ಹೇಳಿದೆ. ಬೇಡಮ್ಮ, ವಾಪಸ್ ಎಳೀತೀನಿ, ಬ್ರೇಕ್ ಬಿಡು ಎಂದರು. ನಾನು ವಾಕಿಟಾಕಿಯ ಗುಂಡಿ ಆರಿಸಿ ಜೇಬಿಗೆ ಹಾಕಿಕೊಂಡೆ. ಹಗ್ಗದ ಕೊಕ್ಕೆ ಬಿಚ್ಚಿದೆ. ನೆನಪಿರುವುದು ಕೊಕ್ಕೆಯ ತಣ್ಣನೆಯ ಸ್ಪರ್ಶ, ಅದು ಬಿಳಿಯೊಳಗೆ ಹೊರಟುಹೋದಾಗ ಆದ ‘ಟಿಂಗ್’ ಎಂಬ ಸದ್ದು. ಜೋಲಿ ಜಾರಿತು. ನಾಲ್ಕೈದು ಮೀಟರ್ ಬ್ರೇಕು ಹಿಡಿಯಲೇ ಇಲ್ಲ. ಎರಡು ಬೆರಳು ಸಿಕ್ಕಿಕೊಂಡದ್ದು ಆಗಲೇ, ಆದರೆ ನೋವು ಗೊತ್ತಾದದ್ದು ಸಂಜೆ. ಆಮೇಲೆ ಹಿಡಿಯಿತು. ಹಳದಿ ಚುಕ್ಕೆ ಕ್ಯಾಬಿನ್ ಆಯಿತು. ಅದರ ತಲೆಯ ಮೇಲಿನ ಗಾಲಿಚೌಕಟ್ಟಿಗೆ ಮೆಲ್ಲಗೆ ಮುಟ್ಟಿ ನಿಂತೆ. ಅಲ್ಲಿಂದ ಛಾವಣಿಗೆ ಇಳಿಯಲು ಸೊಂಟದ ಪಟ್ಟಿಯನ್ನೂ ಬಿಚ್ಚಬೇಕಿತ್ತು. ಎರಡೇ ಹೆಜ್ಜೆ. ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಆ ಎರಡು ಹೆಜ್ಜೆ ಇಟ್ಟೆ. ಒದ್ದೆ ತಗಡಿನ ಮೇಲೆ, ಮೋಡದ ನಡುವೆ, ಯಾವುದಕ್ಕೂ ಕಟ್ಟಿಕೊಳ್ಳದೆ ನಿಂತಿದ್ದೆ ಎಂದರೆ ಈಗ ಬರೆಯುವಾಗ ಅಂಗಾಲು ಜುಮ್ಮೆನ್ನುತ್ತದೆ. ಆಗ ಏನೂ ಇಲ್ಲ.

ರೇಡಿಯೋ ಛಾವಣಿಯ ಮುಚ್ಚಳ ತೆಗೆದು ನನ್ನ ಕಾಲು ಹಿಡಿದು ಒಳಗಿಳಿಸಿಕೊಂಡ. ಅಜ್ಜನ ತುಟಿ ನೀಲಿಯಾಗಿತ್ತು. ಸಿಲಿಂಡರ್ ಬದಲಿಸಿದ್ದು ಅಜ್ಜಿಯೇ. ನನ್ನ ಬೆರಳು ತಿರುಪು ಹಿಡಿಯಲಿಲ್ಲ. ಐದು ನಿಮಿಷಕ್ಕೆ ಅವರ ಎದೆ ಸಮನಾಗಿ ಏಳತೊಡಗಿತು. ಆಮೇಲೆ ಅಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ನನಗೆ ವಾಪಸ್ ಹೋಗುವ ದಾರಿ ಇರಲಿಲ್ಲ. ವಾಕಿಟಾಕಿ ಹಚ್ಚಿ ಅಣ್ಣಯ್ಯನಿಂದ ಬೈಸಿಕೊಂಡೆ. ಆ ಬೈಗುಳದ ನಡುವೆ ಅವರು ಅಳುತ್ತಿದ್ದರು.

ಹೀಗೆ ನಾವು ನಾಲ್ವರೂ ಮೂರು ಗಂಟೆ ಆ ಪೆಟ್ಟಿಗೆಯಲ್ಲಿ ತೂಗುತ್ತ ಕೂತೆವು. ನಾಲ್ಕೂ ಕಿಟಕಿಗೆ ಬಿಳಿ ಬಟ್ಟೆ ಹೊದಿಸಿದ ಹಾಗಿತ್ತು. ಗಾಳಿ ಮೆಲ್ಲಗೆ ಬಂದಾಗ ಕ್ಯಾಬಿನ್ ಉಸಿರಾಡುವ ಹಾಗೆ ಈ ಕಡೆಗೂ ಆ ಕಡೆಗೂ ಹೋಗುತ್ತಿತ್ತು. ರೇಡಿಯೋ ಬಾಯಿ ಬಿಟ್ಟುಕೊಂಡು ನಿದ್ದೆ ಹೋದ. ಅಜ್ಜ ಮುಖಕ್ಕೆ ಹಾಕಿದ್ದನ್ನು ಒಂದಿಷ್ಟು ಸರಿಸಿ, ಇಂಥ ಬೆಳಕೇ ತನ್ನ ಕೆಲಸಕ್ಕೆ ಒಳ್ಳೆಯದು, ನೆರಳೇ ಬೀಳುವುದಿಲ್ಲ, ಚಿಕ್ಕ ಚಿಕ್ಕ ಹಲ್ಲಿನ ಚಕ್ರವೆಲ್ಲ ಸ್ಪಷ್ಟ ಕಾಣುತ್ತದೆ ಎಂದರು. ಮಾತಾಡಬೇಡಿ ಎಂದು ಅಜ್ಜಿ ಗದರಿದರು. ಅಜ್ಜಿ ನನ್ನ ಕೈಯನ್ನು ತಮ್ಮ ಸ್ವೆಟರಿನೊಳಗೆ ಇಟ್ಟುಕೊಂಡಿದ್ದರು. ಬಹಳ ಹೊತ್ತಿನ ಮೇಲೆ, ಸುಮ್ಮನೆ ಹೊತ್ತು ಕಳೆಯಲು ಕೇಳುವ ಹಾಗೆ, ಕೇಳಿದರು:

“ಮಕ್ಕಳಿದ್ದಾರಾ?”

ನಾಲಿಗೆಯ ತುದಿಯಲ್ಲಿರುವ ಹೆಸರನ್ನು ಹುಡುಕುತ್ತೇವಲ್ಲ, ಹಾಗೆ ನಾನು ಉತ್ತರ ಹುಡುಕಬೇಕಾಯಿತು. ಒಬ್ಬಳು ಎಂದೆ. ಎಂದ ತಕ್ಷಣ ಹೊಳೆಯಿತು. ಕೊಕ್ಕೆ ಬಿಚ್ಚುವಾಗ ಅವಳಿರಲಿಲ್ಲ. ಛಾವಣಿಯ ಮೇಲೆ ನಿಂತಾಗ ಅವಳಿರಲಿಲ್ಲ. ಬೆಳಗ್ಗೆ ಮಂಜಿನಲ್ಲಿ ಅವಳ ಜಡೆ ಕರಗಿದ ಮೇಲೆ ಒಂದೇ ಒಂದು ಸಲವೂ ನನಗೆ ನನ್ನ ಮಗಳ ನೆನಪು ಬಂದಿರಲಿಲ್ಲ. ಅಜ್ಜಿ ನನ್ನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡರು. ಧೈರ್ಯವಂತ ಮಹಿಳಾ ಸಿಬ್ಬಂದಿ ಅರ್ಧ ಗಂಟೆ ಅತ್ತಳು. ಇದು ಪೇಪರಿನಲ್ಲಿ ಬಂದಿಲ್ಲ.

ಎರಡು ವರ್ಷದ ಹಿಂದೆ ಆ ದೋಣಿ ಮಗುಚಿದ ದಿನವನ್ನು ನೀವು ನೀರಿನೊಳಗಿಂದ ನೋಡಿದವರು. ದಂಡೆಯಿಂದ ಹೇಗಿತ್ತು ಎಂದು ನಾನು ನಿಮಗೆ ಯಾವತ್ತೂ ಹೇಳಲಿಲ್ಲ. ನಾಲ್ವರನ್ನು ಮೇಲೆ ತಂದಿರಿ. ನಿಮ್ಮ ಬೆನ್ನಿನ ಸಿಲಿಂಡರಿನ ಗಾಳಿ ಮುಗಿಯುತ್ತ ಬಂದಿತ್ತು. ರಕ್ಷಣಾ ಪಡೆಯ ನಿಮ್ಮ ಮುಖ್ಯಸ್ಥರು, ಗುಬ್ಬಿ ಸೀಟಿ ಮಾವ ಎನ್ನುತ್ತಾಳಲ್ಲ ಅವರು, ಮೇಲೆ ಬಾ ಎಂದು ಸೀಟಿ ಊದಿದರು. ನೀವು ತಿರುಗಿ ನೋಡಿದಿರಿ. ಆಮೇಲೆ ಒಳಗೆ ಉಳಿದಿದ್ದ ಒಬ್ಬ ಹೆಂಗಸಿಗಾಗಿ ಮತ್ತೆ ಮುಳುಗಿದಿರಿ. ಗುಬ್ಬಿ ಒಂದು, ಎರಡು ಎಂದು ಎಣಿಸುತ್ತಿದ್ದಳು, ನೂರರ ಮೇಲೆ ಅವಳಿಗೆ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದಳು. ಆ ಹೆಂಗಸು ಬದುಕಿದಳು. ನೀವು ಎರಡು ದಿನ ಕಣ್ಣು ಬಿಡಲಿಲ್ಲ. ಬಿಟ್ಟ ಮೇಲೆ ನಾನು ಕೇಳಿದ್ದು ಒಂದೇ, ಮತ್ತೆ ಇಳಿಯುವಾಗ ನಮ್ಮಿಬ್ಬರ ನೆನಪು ಬರಲಿಲ್ಲವಾ ಎಂದು. ನೀವು ಮಂಚದ ಕಂಬಿ ನೋಡುತ್ತ ಇಲ್ಲ ಎಂದಿರಿ. ಆ ಒಂದು ‘ಇಲ್ಲ’ವನ್ನು ಹಿಡಿದುಕೊಂಡು ನಾನು ನಿಮ್ಮ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬಿದೆ. ನೀವು ಎದುರಾಡಲಿಲ್ಲ, ದೂರದ ಊರಿಗೆ ವರ್ಗ ಕೇಳಿಕೊಂಡು ಹೋದಿರಿ. ನೀವು ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಪಡೆ ಬಂದಾಗ ಎರಡೂವರೆ. ಗೋಪುರ ಹತ್ತಿ ಸಣ್ಣ ಹಗ್ಗವನ್ನು ಬಿಡಿಸಿ ಗಾಲಿಗೆ ಕೂರಿಸಿದರು. ಕ್ಯಾಬಿನ್ ಆಮೆಯ ಹಾಗೆ ತೆವಳುತ್ತ ಮೇಲೇರಿತು. ಬಿಳಿಯೊಳಗಿಂದ ಮೊದಲು ಸ್ಟೇಷನ್ನಿನ ದೀಪ ಮೂಡಿತು, ಆಮೇಲೆ ಮೇನೇಜರ್ ಸಾಹೇಬರ ಒದ್ದೆ ತಲೆ, ಅವರ ಪಕ್ಕ ಶಾಲೆಯ ಉಡುಪಿನಲ್ಲಿ ಗುಬ್ಬಿ. ಸುದ್ದಿ ಕೇಳಿ ತರಗತಿಯಿಂದ ಓಡಿ ಬಂದಿದ್ದಳು. ಅವಳು ನನ್ನನ್ನು ತಬ್ಬಿಕೊಂಡಳು, ನಾನೂ ತಬ್ಬಿಕೊಂಡೆ, ಆದರೆ ಅವಳ ಮೈ ಯಾವುದೋ ದಪ್ಪ ಬಟ್ಟೆಯ ಆಚೆಯಿಂದ ತಾಗಿದ ಹಾಗಿತ್ತು. ಮೂರು ದಿನ ಹಾಗೇ ಇದ್ದೆ. ಅನ್ನಕ್ಕಿಟ್ಟು ಮರೆಯುತ್ತಿದ್ದೆ. ಅವಳು ಏನೋ ಹೇಳಿದರೆ ಅರ್ಧ ನಿಮಿಷ ಬಿಟ್ಟು ಹ್ಞೂಂ ಎನ್ನುತ್ತಿದ್ದೆ. ದೊಡ್ಡ ಕೆಲಸ ಮುಗಿಸಿ ಬಂದು ನೀವು ಜಗಲಿಯಲ್ಲಿ ಕೂತು ಗೋಡೆ ನೋಡುತ್ತಿದ್ದ ದಿನಗಳಲ್ಲಿ, ಮನೆಗೆ ಬಂದರೂ ಬಂದಿಲ್ಲವಲ್ಲ ಈ ಮನುಷ್ಯ ಎಂದು ನಾನು ಪಾತ್ರೆ ಕುಕ್ಕುತ್ತಿದ್ದೆ. ಗುಬ್ಬಿ ಪಾತ್ರೆ ಕುಕ್ಕಲಿಲ್ಲ. ಅಷ್ಟರ ಮಟ್ಟಿಗೆ ಅವಳು ನಿಮ್ಮ ಮಗಳು.

ಭಾನುವಾರ ನಾನು ಅವಳ ತಲೆ ಬಾಚುತ್ತಿದ್ದೆ, ಎಡಗೈಯಲ್ಲಿ. ಅವಳು ಬೆನ್ನು ತಿರುಗಿಸಿ ಕೂತಿದ್ದಳು. ಬಹಳ ಮೆಲ್ಲಗೆ ಕೇಳಿದಳು:

“ಅಲ್ಲಿ ನೇತಾಡೋವಾಗ ನನ್ನ ನೆನಪು ಬಂತಾ, ಅಮ್ಮ?”

ನಾನು ಬಂತು ಎಂದೆ. ಪೂರ್ತಿ ಹೊತ್ತೂ ನಿನ್ನದೇ ಯೋಚನೆ, ಅದಕ್ಕೇ ಅಷ್ಟು ಹುಷಾರಾಗಿ ಇದ್ದೆ ಎಂದೆ. ಅವಳ ಭುಜ ಸಡಿಲಾಯಿತು. ನನ್ನ ಮೊಣಕಾಲಿಗೆ ಒರಗಿ ಕೂತುಬಿಟ್ಟಳು, ಜಡೆ ಮುಗಿಯುವತನಕ ಏಳಲಿಲ್ಲ.

ಇದನ್ನು ಹೇಳಲೆಂದೇ ಈ ಪತ್ರ ಶುರು ಮಾಡಿದ್ದು. ನೀವು ನಿಜ ಹೇಳಿದಿರಿ, ನಾನು ಮನೆಯಿಂದ ಕಳಿಸಿದೆ. ನಾನು ಸುಳ್ಳು ಹೇಳಿದೆ, ನನಗೆ ಮಗಳ ತಲೆ ಮೊಣಕಾಲ ಮೇಲೆ ಸಿಕ್ಕಿತು. ಇದರಲ್ಲಿ ಯಾವುದು ಸರಿ ಎಂದು ನನಗೆ ಗೊತ್ತಿಲ್ಲ. ಸೀಟಿ ಊದಿದ ಮೇಲೂ ನೀವು ಮತ್ತೆ ಇಳಿದದ್ದು ಸರಿ ಎಂದು ಈಗಲೂ ನಾನು ಒಪ್ಪುವುದಿಲ್ಲ. ನಾನು ಹಗ್ಗ ಬಿಚ್ಚಿದ್ದು ಸರಿ ಎಂದೂ ಎದೆ ತಟ್ಟಿ ಹೇಳಲಾರೆ. ಬ್ರೇಕು ಹಿಡಿಯದೇ ಇದ್ದಿದ್ದರೆ ಗುಬ್ಬಿ ಎಲ್ಲಿಯತನಕ ಎಣಿಸುತ್ತಿದ್ದಳು? ಆದರೆ ಆ ‘ಇಲ್ಲ’ದ ಅರ್ಥ ನಾನು ತಿಳಿದದ್ದಲ್ಲ. ನಮ್ಮನ್ನು ನೀವು ಬೇಡ ಎಂದುಕೊಂಡಿರಲಿಲ್ಲ. ಅಲ್ಲಿ ಯಾರಿಗೂ ಜಾಗವೇ ಇರುವುದಿಲ್ಲ, ನಮಗೇ ಇರುವುದಿಲ್ಲ. ಬರೀ ಎರಡು ಕೈ ಇರುತ್ತವೆ, ಅವು ಮಾಡುತ್ತಿರುವ ಕೆಲಸ ಇರುತ್ತದೆ. ಇಷ್ಟು ಅರ್ಥವಾಗಲು ನಾನು ಮೋಡಕ್ಕೆ ನೇತುಬೀಳಬೇಕಾಯಿತು.

ಗಡಿಯಾರದ ಅಜ್ಜ ಗೆಲುವಾಗಿದ್ದಾರೆ. ನಿನ್ನೆ ನೋಡಲು ಹೋಗಿದ್ದೆ. ವಾರ್ಡಿನ ಗಡಿಯಾರ ನಾಲ್ಕು ನಿಮಿಷ ಹಿಂದಿದೆ, ಯಾರೂ ಕುರ್ಚಿ ಕೊಡುತ್ತಿಲ್ಲ, ಕೊಟ್ಟರೆ ಹತ್ತಿ ಸರಿ ಮಾಡುತ್ತೇನೆ ಎಂದು ನರ್ಸುಗಳ ಜೀವ ತಿನ್ನುತ್ತಿದ್ದಾರೆ. ಮೇನೇಜರ್ ನನಗೆ ನೋಟಿಸ್ ಕೊಟ್ಟರು. ನಿಯಮ ಮೀರಿದ್ದೇಕೆ ಎಂದು ಲಿಖಿತವಾಗಿ ತಿಳಿಸಬೇಕಂತೆ. ಕೊಡುವಾಗ ತಲೆ ತಗ್ಗಿಸಿ, ಉತ್ತರ ಹೇಗೆ ಬರೆದರೆ ಒಳ್ಳೆಯದು ಎಂದು ಅವರೇ ಹೇಳಿಕೊಟ್ಟರು. ಸೋಮವಾರದಿಂದ ಕೆಲಸಕ್ಕೆ ಹೋಗುತ್ತೇನೆ. ಇವತ್ತು ಬಿಸಿಲಿದೆ. ಕಿಟಕಿಯಿಂದ ಕಣಿವೆ ತಳದವರೆಗೂ ಕಾಣುತ್ತದೆ, ನಾನು ಪರದೆ ಎಳೆದು ಕೂತಿದ್ದೇನೆ.

ಚಹಾ ಆರಿಹೋಯಿತು. ಬೆರಳೂ ನೋಯುತ್ತಿದೆ. ಊಟ ತಿಂಡಿ ಹೊತ್ತು ಹೊತ್ತಿಗೆ ಮಾಡಿ ಎಂದು ಬರೆಯಲು ನನಗೆ ಹಕ್ಕಿದೆಯೋ ಇಲ್ಲವೋ, ಬರೆದಿದ್ದೇನೆ.

ಇಂತಿ,
ಇನ್ನೂ ನಿಮ್ಮವಳೇ ಇರಬೇಕು ಎಂದುಕೊಂಡಿರುವ,
ಗುಬ್ಬಿಯ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆ ದಿನ ಪಡೆಯ ಜೊತೆ ಬಂದವರು ಸೀಟಿ ಮಾವನೇ. ನನ್ನ ಬೆರಳಿಗೆ ಪಟ್ಟಿ ಕಟ್ಟುತ್ತ ಎಲ್ಲ ಹೇಳಿದರು. ಆ ಊರಿಗೆ ಹೋದ ಮೇಲೆ ನೀವು ಒಂದು ಸಲವೂ ನೀರಿಗಿಳಿದಿಲ್ಲವಂತೆ. ಉಗ್ರಾಣದಲ್ಲಿ, ನೀರಿಗಿಳಿಯುವ ಬೇರೆಯವರ ಮುಖವಾಡ ತೊಳೆದು ಒಣಗಿಸುವ ಕೆಲಸವನ್ನು ನೀವಾಗಿಯೇ ಕೇಳಿ ಪಡೆದುಕೊಂಡಿರಂತೆ. ಮಗಳಿಗೆ ಬರೆದ ಇಪ್ಪತ್ತನಾಲ್ಕು ಪತ್ರಗಳಲ್ಲಿ ನದಿಯ ಬಣ್ಣದಿಂದ ಹಿಡಿದು ಬೀದಿ ನಾಯಿಯ ಮರಿಗಳವರೆಗೆ ಎಲ್ಲವೂ ಇದೆ, ಇದೊಂದಿಲ್ಲ. ನನಗೆ ತಿಳಿಯಲಿ ಎಂದು ಮಾಡಿದ್ದಾದರೆ ಹೇಳುತ್ತಿದ್ದಿರಿ. ಹಾಗಾಗಿ ನಮ್ಮಿಬ್ಬರಿಗಾಗಿಯೇ ಮಾಡಿದಿರಿ ಎಂದು ನನಗೆ ಅರ್ಥವಾಗಿದೆ. ಇಳಿಯಬೇಡಿ ಎಂದು ಇನ್ನು ಹೇಳುವುದಿಲ್ಲ. ಇಳಿಯಿರಿ ಎಂದು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಮೊದಲು ಬನ್ನಿ, ಒಂದಿಷ್ಟು ಜಗಳವಾಡೋಣ. ಇಪ್ಪತ್ತೆಂಟನೇ ತಾರೀಖು, ಭಾನುವಾರ, ಬಸ್ ಸ್ಟ್ಯಾಂಡಿನಲ್ಲಿ ನಾನು, ಗುಬ್ಬಿ ಇಬ್ಬರೂ ಇರುತ್ತೇವೆ. ಮೊದಲ ಬಸ್ಸಿನಲ್ಲಿ ನೀವು ಇಳಿಯದಿದ್ದರೆ ಎರಡನೆಯದಕ್ಕೂ ಕಾಯುತ್ತೇವೆ. ಮೂರನೆಯದಕ್ಕೆ ಅವಳೊಬ್ಬಳೇ ಕಾಯುತ್ತಾಳೆ ಎಂದು ಬರೆಯೋಣವೆಂದಿದ್ದೆ, ಆದರೆ ಇನ್ನೊಂದು ಸುಳ್ಳು ಬೇಡ.